ಎಲ್ಲ ಹೊಟ್ಟೆನೋವೂ ಗ್ಯಾಸ್ಟ್ರಿಕ್ ಅಲ್ಲ

ಮಾನ್ಯ ಸಂಪಾದಕರೇ,

ಎದೆಗುಂಡಿಯಲ್ಲೋ ಬಲ ಪಕ್ಕೆಲುಬಿನ ಕೆಳಗೋ ನೋವು ಬಂದರೆ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ ಸುಮ್ಮನಾಗುವವರು ಬಹಳ. ಜೀರ್ಣಕ್ಕೆ ಬೇಕಾದ ಪಿತ್ತರಸವನ್ನು ಕೂಡಿಡುವ ಪುಟ್ಟ ಚೀಲ, ಪಿತ್ತಕೋಶ; ಅದರೊಳಗಿನ ಕಲ್ಲಿನ ನೋವೂ ಅಲ್ಲೇ ಬರುತ್ತದೆ. ಜಿಡ್ಡಿನ ಊಟವಾದ ಮೇಲೆ ಪಿತ್ತಕೋಶ ಹಿಂಡಿಕೊಂಡಾಗ ಕಲ್ಲು ಅದರ ಬಾಯಿಗೆ ಅಡ್ಡ ಕೂರುತ್ತದೆ. ನೋವು ಬೆನ್ನಿಗೋ ಬಲ ಭುಜಕ್ಕೋ ಹರಡಿ, ಅರ್ಧ ಗಂಟೆಯಿಂದ ಕೆಲವು ಗಂಟೆ ಕಾಡಿ, ಕಲ್ಲು ಹಿಂದೆ ಸರಿದೊಡನೆ ಇಳಿಯುತ್ತದೆ. ಮಾತ್ರೆಯಿಂದ ವಾಸಿಯಾಯಿತೆಂಬ ಭ್ರಮೆ ಹುಟ್ಟುವುದು ಇಲ್ಲೇ.

ಕಲ್ಲು ಸರಿಯದಿದ್ದರೆ ಪಿತ್ತಕೋಶ ಊದಿಕೊಂಡು ಉರಿಯೂತವಾಗುತ್ತದೆ. ನೋವು 6 ಗಂಟೆ ಮೀರಿದರೆ, ಜ್ವರ, ಚಳಿ ಬಂದರೆ, ಕಣ್ಣು ಹಳದಿಯಾದರೆ ಆಸ್ಪತ್ರೆಗೆ ಹೋಗಲು ಬೆಳಗಾಗಲೆಂದು ಕಾಯಬಾರದು. ಮುಖ್ಯ ಪಿತ್ತನಾಳಕ್ಕೆ ಜಾರಿದ ಕಲ್ಲು ಕಾಮಾಲೆಯನ್ನೂ ಮೇದೋಜೀರಕ ಗ್ರಂಥಿಯ ಉರಿಯೂತವನ್ನೂ ತರಬಲ್ಲದು. ಎರಡನೆಯದು ಜೀವಕ್ಕೇ ಕುತ್ತು.

ಪತ್ತೆಗೆ ಹೊಟ್ಟೆಯ ಅಲ್ಟ್ರಾಸೌಂಡ್ ಸಾಕಾಗುವುದೇ ಹೆಚ್ಚು. ತುರ್ತಿಲ್ಲದಿದ್ದರೆ 6ರಿಂದ 8 ಗಂಟೆ ಉಪವಾಸವಿರಬೇಕು. ಉಂಡ ಮೇಲೆ ಪಿತ್ತಕೋಶ ಕುಗ್ಗಿ, ಒಳಗಿರುವುದು ಸರಿಯಾಗಿ ಕಾಣುವುದಿಲ್ಲ.

ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಕಲ್ಲು ಉದುರುತ್ತದೆ ಎಂಬ ಪ್ರಚಾರ ನಂಬಬೇಡಿ. ಮಲದಲ್ಲಿ ಕಾಣುವ ಹಸಿರು ಉಂಡೆಗಳು ಆ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು. ಎಣ್ಣೆ ಪಿತ್ತಕೋಶವನ್ನು ಹಿಂಡಿಸುವುದರಿಂದ ನೋವು ಕೆರಳುವ ಸಾಧ್ಯತೆಯೂ ಇದೆ.

ತೊಂದರೆ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಉರಿಯೂತವಾಗಿದ್ದು ದೇಹಸ್ಥಿತಿ ಒಗ್ಗಿದರೆ, ತಿಂಗಳುಗಟ್ಟಲೆ ಮುಂದೂಡದೆ ಒಂದು ವಾರದೊಳಗೆ ಲ್ಯಾಪರೊಸ್ಕೋಪಿಯಿಂದ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಪಿತ್ತಕೋಶ ತೆಗೆಸುವುದೇ ಒಳಿತು. ಪಿತ್ತರಸ ತಯಾರಿಸುವುದು ಯಕೃತ್ತು; ಕೋಶ ಹೋದರೂ ಆ ರಸ ನೇರ ಕರುಳಿಗೆ ಹರಿಯುತ್ತದೆ.