ಅಡುಗೆಮನೆ ಸೆಟ್ ಮಾರುವವರು ಮೊದಲು ಅಳತೆ ಕೊಡಲಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಮರಗೆಲಸದವನು. ಎಂ.ಸಿ.ಸಿ. ಬಿ ಬ್ಲಾಕ್, ವಿದ್ಯಾನಗರ, ಎಸ್.ಎಸ್. ಬಡಾವಣೆ, ಆಗಾಗ ಚಿತ್ರದುರ್ಗದ ಕಡೆಗೂ ಹೋಗಿ ಮಾಡ್ಯುಲರ್ ಕಿಚನ್ ಮಾಡಿಕೊಡುತ್ತೇನೆ. ತಮ್ಮ ಮನೆ ಪುರವಣಿಯಲ್ಲಿ ದೊಡ್ಡ ಅಡುಗೆಮನೆಗಳ ಫೋಟೊ ಬಂದಾಗಲೆಲ್ಲ ಯಾರಾದರೂ ಅದನ್ನು ಕತ್ತರಿಸಿಟ್ಟುಕೊಂಡು ನನ್ನನ್ನು ಕರೆಸುತ್ತಾರೆ. "ಮೇಸ್ತ್ರಿ, ಎಲ್ಲಾ ಒಂದೇ ಕಂಪನೀದು ಇರಬೇಕು, ಒಂದೇ ಕಪ್ಪು ಗಾಜು ಇರಬೇಕು" ಅನ್ನುತ್ತಾರೆ. ಓವನ್, ಮೈಕ್ರೋವೇವ್, ಹಾಬ್ (ಕಟ್ಟೆಯ ಕಲ್ಲಿನೊಳಗೆ ಇಳಿಸಿ ಕೂರಿಸುವ ಒಲೆ), ಚಿಮಣಿ, ಡಿಶ್‌ವಾಷರ್, ಫ್ರಿಡ್ಜ್ ಎಲ್ಲ ಸೇರಿ ಹಲವು ಲಕ್ಷದ ಮಾತು. ಡಿಶ್‌ವಾಷರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ಅದನ್ನು ಕೇಳುವವರೂ ಜಾಸ್ತಿ ಆಗಿದ್ದಾರೆ. ಈ ವಿಷಯದಲ್ಲಿ ನಮ್ಮೂರಿನ ಗ್ರಾಹಕರಿಗೂ ಅಂಗಡಿಯವರಿಗೂ ಒಂದು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಹೊಂದಿಕೆ ಬೇಕು ಅನ್ನುವ ಆಸೆ ನನಗೂ ಇಷ್ಟ. ಸಾಲು ನೇರವಾಗಿ ಕೂತರೆ ಕೆಲಸ ಮಾಡಿದವನಿಗೂ ಹೆಮ್ಮೆ. ಆದರೆ ಎಲ್ಲಾ ಕಡೆ ಒಂದೇ ಕಂಪನಿ ಬೇಕಿಲ್ಲ. ಟಾಲ್ ಯೂನಿಟ್‌ನಲ್ಲಿ, ಅಂದರೆ ನೆಲದಿಂದ ಮೇಲಕ್ಕೆ ಏಳುವ ಎತ್ತರದ ಕಪಾಟಿನಲ್ಲಿ, ಓವನ್ ಮತ್ತು ಮೈಕ್ರೋವೇವ್ ಒಂದರ ಮೇಲೊಂದು ಕೂರುತ್ತವೆ. ಎರಡೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಅಲ್ಲಿ ಮಾತ್ರ ಒಂದೇ ಕಂಪನಿ ಸಾಲದು, ಒಂದೇ ಸೀರೀಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಹಿಡಿಕೆ ಒಂದು ದಪ್ಪ, ಇನ್ನೊಂದು ಸಣ್ಣ. ಒಂದರ ಗಾಜು ಕಡುಕಪ್ಪು, ಇನ್ನೊಂದರದು ಬೂದು. ಬಿಲ್ಟ್‌ಇನ್ ಓವನ್‌ಗೆ ಸಾಮಾನ್ಯವಾಗಿ 60 ಸೆಂಟಿಮೀಟರ್ ಅಗಲದ ಗೂಡು, ಒಳಗೆ 56 ಸೆಂ.ಮೀ. ಸಿಗಬೇಕು. ಮೈಕ್ರೋವೇವ್‌ನಲ್ಲಿ ಹಾಗಲ್ಲ. ಕೆಲವು 38 ಸೆಂ.ಮೀ. ಎತ್ತರದ ಗೂಡಿಗೆ ಬರುತ್ತವೆ, ಕೆಲವು 45ಕ್ಕೆ. ಗೂಡು ಮಾಡಿದ ಮೇಲೆ ಮಾದರಿ ಬದಲಾದರೆ ಪ್ಲೈವುಡ್ ಒಡೆಯುವುದೊಂದೇ ದಾರಿ.

ಡಿಶ್‌ವಾಷರ್ ವಿಷಯ ಬೇರೆ. ಪೂರ್ತಿ ಮುಚ್ಚುವ ಮಾದರಿ ತಂದರೆ ಅದರ ಮುಖಕ್ಕೆ ನಾವೇ ಉಳಿದ ಕಪಾಟಿನ ಬಾಗಿಲುಗಳ ಲ್ಯಾಮಿನೇಟನ್ನೇ ಹಾಕುತ್ತೇವೆ. ಕಂಪನಿ ಹೆಸರೇ ಕಾಣುವುದಿಲ್ಲ. ಹಾಗಿದ್ದಮೇಲೆ ಓವನ್‌ನ ಕಂಪನಿಯದೇ ಬೇಕೆಂದು ಯಾಕೆ ಹಟ? ಫ್ರಿಡ್ಜ್ ಕೂಡ ಹಾಗೆ. ಗೂಡಿನೊಳಗೆ ಕೂರಿಸುವ ಫ್ರಿಡ್ಜ್‌ಗೆ ಬೆಲೆ ಜಾಸ್ತಿ, ಒಳಗೆ ಜಾಗ ಕಡಿಮೆ. ಹಾಲು, ಮೊಸರು, ಬೆಣ್ಣೆ, ದೋಸೆ ಹಿಟ್ಟು ಎಲ್ಲ ಇಡುವ ತುಂಬಿದ ಮನೆಗೆ ಅದು ಸಾಲುವುದಿಲ್ಲ. ಹೊರಗೆ ನಿಲ್ಲುವ ದೊಡ್ಡ ಫ್ರಿಡ್ಜ್ ತಂದು ಪಕ್ಕದಲ್ಲಿ ಗಾಳಿಗೆ ಜಾಗ ಬಿಡಿ, ಅಷ್ಟೇ.

ನಮ್ಮ ಕಡೆ ಹೆಚ್ಚು ತೊಂದರೆ ಆಗುವುದು ಅಡುಗೆ ಕಟ್ಟೆಯ ಎತ್ತರದಲ್ಲಿ. ಇಲ್ಲಿನ ಹಳೇ ಪದ್ಧತಿಯಂತೆ ಕಟ್ಟೆ 32 ಇಂಚು. ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಮೇಲೆ ಗ್ರಾನೈಟ್ ಕೂರಿಸುತ್ತಾರೆ. ಅಡಿಯಲ್ಲಿ ಉಳಿಯುವುದು 28, 29 ಇಂಚು. ದೊಡ್ಡ ಡಿಶ್‌ವಾಷರ್‌ಗೆ ಕನಿಷ್ಠ 82 ಸೆಂ.ಮೀ. ಬೇಕು, ಅಂದರೆ 32 ಇಂಚಿಗಿಂತ ಸ್ವಲ್ಪ ಜಾಸ್ತಿ. ಯಂತ್ರ ಮನೆಗೆ ಬಂದು ಪ್ಯಾಕಿಂಗ್ ಬಿಚ್ಚಿದ ಮೇಲೆ ಇದು ಗೊತ್ತಾದರೆ ಯಾರಿಗೆ ಏನು ಹೇಳುವುದು? ಸ್ಲ್ಯಾಬ್ ಬಿಟ್ಟು ಪ್ಲೈವುಡ್ ಪೆಟ್ಟಿಗೆ ಮೇಲೆ ನೇರ ಗ್ರಾನೈಟ್ ಹಾಕಿ, ಕಟ್ಟೆಯನ್ನು 34 ಇಂಚಿಗೆ ತಂದರೆ ಯಂತ್ರ ಆರಾಮಾಗಿ ಕೂರುತ್ತದೆ.

ಆಗ ಮನೆಯ ಹಿರಿಯರು "ಅಯ್ಯೋ, ಅಷ್ಟು ಎತ್ತರ ನಂಗೆ ಆಗಲ್ಲಪ್ಪ" ಅನ್ನುತ್ತಾರೆ. ಅವರ ಮಾತು ಸರಿ. ಆದರೆ ಮೇಲೆ ಇಡುವ ಗ್ಯಾಸ್ ಸ್ಟವ್ ತಾನೇ ನಾಲ್ಕು ಬೆರಳು ಎತ್ತರ ಇರುತ್ತದೆ. ಹಾಬ್ ಕಲ್ಲಿನೊಳಗೆ ಇಳಿಯುವುದರಿಂದ ಕಟ್ಟೆ ಏರಿದರೂ ಒಲೆ ಮೇಲಿನ ಪಾತ್ರೆ ಹೆಚ್ಚುಕಡಿಮೆ ಹಿಂದಿನ ಎತ್ತರದಲ್ಲೇ ಇರುತ್ತದೆ. ಕಷ್ಟ ಆಗುವುದು ರೊಟ್ಟಿ ತಟ್ಟುವಾಗ, ಮುದ್ದೆ ಕಟ್ಟುವಾಗ. ಆಗ ಭುಜದಿಂದ ಬಲ ಬೀಳಬೇಕು, ಕಟ್ಟೆ ತಗ್ಗಿರಬೇಕು. ಹಾಗಾಗಿ ನಾನು ಪ್ರತಿ ಮನೆಯಲ್ಲೂ ಎರಡೂವರೆ ಅಡಿ ಉದ್ದದ ಒಂದು ತುಂಡನ್ನು 30 ಇಂಚಿಗೆ ಇಳಿಸಿ ಮಾಡಿಸಿಕೊಳ್ಳಲು ಹೇಳುತ್ತೇನೆ. ಶೋರೂಂ ಫೋಟೊದಲ್ಲಿ ಅದು ಇರುವುದಿಲ್ಲ. ಅಡುಗೆ ಮಾಡುವವರು ಮಾತ್ರ ಅದನ್ನು ಒಮ್ಮೆ ಬಳಸಿದರೆ ಬಿಡುವುದಿಲ್ಲ.

ಹಾಬ್ ಮತ್ತು ಚಿಮಣಿಯನ್ನು ಚೆಂದ ನೋಡಿ ಆರಿಸಬೇಡಿ. ಜೋಳದ ರೊಟ್ಟಿ ಸುಡುವಾಗ ಉದುರುವ ಹಿಟ್ಟು ಬರ್ನರ್ ಸೇರುತ್ತದೆ, ಬರ್ನರ್ ಬಿಚ್ಚಿ ತೊಳೆಯುವಂತಿರಬೇಕು. ನಾಲ್ಕು ಬರ್ನರ್ ಅಂತ ಹೇಳಿ ಒತ್ತೊತ್ತಾಗಿ ಇಟ್ಟಿರುವ ಹಾಬ್‌ನಲ್ಲಿ ಎರಡು ದೊಡ್ಡ ಪಾತ್ರೆ ಒಟ್ಟಿಗೆ ಕೂರುವುದಿಲ್ಲ. ಮೂರು ಬರ್ನರ್ ಅಗಲವಾಗಿದ್ದರೆ ನಮ್ಮ ಅಡುಗೆಗೆ ಅದೇ ಒಳ್ಳೆಯದು. ಅಂಗಡಿಗೆ ಹೋಗುವಾಗ ಮನೆಯ ಕಬ್ಬಿಣದ ಹೆಂಚನ್ನೂ ದೊಡ್ಡ ತಪ್ಪಲೆಯನ್ನೂ ಒಯ್ದು ಇಟ್ಟು ನೋಡಿ, ನಾಚಿಕೆ ಬೇಡ. ಹೊರದೇಶದ ಹಾಬ್ ಆದರೆ ಒಳಗಿನ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ) ನಮ್ಮ ಸಿಲಿಂಡರ್ ಗ್ಯಾಸಿನದೇ ಎಂದು ಕೇಳಿ. ಕೊಳವೆ ಗ್ಯಾಸಿಗೆ ಜೆಟ್ ಬೇರೆ. ಮುಂದೆ ಕೊಳವೆ ಸಂಪರ್ಕ ತೆಗೆದುಕೊಂಡರೆ ಜೆಟ್ ಬದಲಿಸಬಹುದೋ ಇಲ್ಲವೋ ಅದನ್ನೂ ಆಗಲೇ ತಿಳಿದುಕೊಳ್ಳಿ.

ಚಿಮಣಿ ಹಾಬ್‌ನಷ್ಟೇ ಅಗಲ ಇರಬೇಕು. 90 ಸೆಂ.ಮೀ. ಹಾಬ್ ಮೇಲೆ 60ರ ಚಿಮಣಿ ಇಟ್ಟರೆ ಅಂಚಿನ ಒಲೆಯ ಹೊಗೆ ಮನೆಗೇ. ಒಲೆಯಿಂದ 65ರಿಂದ 75 ಸೆಂ.ಮೀ. ಮೇಲೆ ಕೂರಿಸಬೇಕು. ಮೆಣಸಿನಕಾಯಿ ಮಂಡಕ್ಕಿ ಒಗ್ಗರಣೆ ನಮ್ಮೂರಿನ ಪ್ರತಿ ಮನೆಯಲ್ಲೂ ಆಗುತ್ತದೆ, ಮಿರ್ಚಿಯೂ ಕರಿಯುತ್ತಾರೆ. ಹೊಗೆಯನ್ನು ಇದ್ದಿಲ ಫಿಲ್ಟರ್‌ನಲ್ಲಿ ಸೋಸಿ ಮತ್ತೆ ಒಳಗೇ ಬಿಡುವ ಪೈಪಿಲ್ಲದ ಚಿಮಣಿ ಇದಕ್ಕೆ ಸಾಲದು. ಆರು ಇಂಚಿನ ಪೈಪ್ ಹೊರಗೋಡೆಗೆ ನೇರ ಹೋಗಬೇಕು. ಒಂದೊಂದು ಬೆಂಡ್ ಬಂದಂತೆಲ್ಲ ಎಳೆತ ಕಡಿಮೆ ಆಗುತ್ತದೆ. ಆ ತೂತು ಬೀಮ್‌ಗೆ ಅಡ್ಡ ಬರದಂತೆ ಗೋಡೆ ಏಳುವಾಗಲೇ ಬಿಡಿಸಿಕೊಳ್ಳಬೇಕು.

ಕರೆಂಟಿನದು ಎಲೆಕ್ಟ್ರಿಷಿಯನ್ ಹೇಳಬೇಕಾದ್ದು, ಆದರೂ ಇಷ್ಟು ಹೇಳುತ್ತೇನೆ. 16 ಆಂಪ್ ಸಾಕೆಟ್ ತಾಳುವುದು ಸುಮಾರು 3,600 ವಾಟ್. ಓವನ್ ಒಂದೇ 3,000ದ ಹತ್ತಿರ ಎಳೆಯುತ್ತದೆ, ಡಿಶ್‌ವಾಷರ್ 2,000ದ ಆಸುಪಾಸು. ಪ್ರತಿಯೊಂದಕ್ಕೂ ಬೇರೆ ಲೈನ್, ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಬೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಸಾಲದಿದ್ದರೆ ಮೊದಲೇ ಹೆಚ್ಚಿಸಿಕೊಳ್ಳಿ. ನಲ್ಲಿ ನೀರು ದಿನಾ ಬಾರದ ಕಡೆ ಸಂಪಿಗೆ ಬೋರ್ ನೀರು ಸೇರುತ್ತದೆ, ಅದು ಗಡಸು. ನೀರು ಮೆದು ಮಾಡುವ ವ್ಯವಸ್ಥೆ ಒಳಗೇ ಇರುವ ಡಿಶ್‌ವಾಷರ್ ಆರಿಸಿ. ಅದಕ್ಕೆ ಹಾಕುವ ಉಪ್ಪೇ ಬೇರೆ, ಅಡುಗೆ ಉಪ್ಪು ಹಾಕಬಾರದು.

ಕೊನೆಗೆ ರಿಪೇರಿ ವಿಷಯ. ಪಿ.ಜೆ. ಬಡಾವಣೆಯ ಒಂದು ಮನೆಗೆ ನಾನೇ ಟಾಲ್ ಯೂನಿಟ್ ಮಾಡಿದ್ದೆ. ವಾರಂಟಿ ಮುಗಿದ ಮೇಲೆ ಓವನ್‌ನ ಡಿಸ್‌ಪ್ಲೇ ಕೆಟ್ಟಿತು. ಇಲ್ಲಿ ಮೆಕ್ಯಾನಿಕ್ ಇಲ್ಲ, ಬೆಂಗಳೂರಿನಿಂದ ಬರಬೇಕು ಎಂದರು. ಬಂದವರು ಬಿಡಿಭಾಗ ಇಲ್ಲ ಎಂದರು. ಆಮೇಲೆ ಆ ಸೀರೀಸೇ ನಿಂತಿದೆ ಎಂಬ ಉತ್ತರ ಬಂತು. ಹೊಸ ಓವನ್ ತಂದರೆ ಮೇಲಿನ ಮೈಕ್ರೋವೇವ್‌ಗೆ ಹೊಂದಲಿಲ್ಲ. ಆ ಮನೆಯ ಅಕ್ಕ ಎಷ್ಟು ಆಸೆಪಟ್ಟು ಆ ಜೋಡಿ ಆರಿಸಿದ್ದರು ಅನ್ನುವುದು ನನಗೆ ಗೊತ್ತು. ನೋಡಿ ಸಂಕಟ ಆಯಿತು.

ಇಂಥ ಸಂದರ್ಭದಲ್ಲಿ ಸುಮ್ನೆ ಇರಬೇಕಿಲ್ಲ. ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ವಸ್ತು ಬೆಂಗಳೂರಿನಲ್ಲಿ ಕೊಂಡಿದ್ದರೂ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಬಿಡಿಭಾಗ, ರಿಪೇರಿ ಮಾಹಿತಿಗೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ಕೂಡ ತೆರೆದಿದೆ. ಆದರೆ ದೂರಿನವರೆಗೆ ಹೋಗುವ ಮೊದಲೇ ಆಗಬೇಕಾದ ಕೆಲಸ ಅಂಗಡಿಯಲ್ಲಿದೆ.

ನಮ್ಮೂರಿನ ಅಂಗಡಿಯವರಲ್ಲಿ ಕೈಮುಗಿದು ಕೇಳುವುದಿಷ್ಟು. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಪ್ರತಿ ಯಂತ್ರದ ಗೂಡಿನ ಅಳತೆ ಇರುವ ಹಾಳೆ ಕೊಡಿ. ದಾವಣಗೆರೆಗೆ ಯಾವ ಊರಿನ ಮೆಕ್ಯಾನಿಕ್ ಬರುತ್ತಾರೆ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಬಿಲ್ ಮೇಲೆ ಬರೆದುಕೊಡಿ. ಗ್ರಾಹಕರು ಇದಿಲ್ಲದೆ ಅಡ್ವಾನ್ಸ್ ಕೊಡಬೇಡಿ. ತಾವೂ ಪುರವಣಿಯ ಫೋಟೊಗಳ ಜೊತೆ ಅಳತೆ, ಲೋಡ್ ಹಾಕಿದರೆ ನಮ್ಮಂಥ ಕೆಲಸಗಾರರಿಗೆ ಬಹಳ ಉಪಕಾರ. ಅಂಗಡಿಯಲ್ಲಿ ಏನೇನು ಕೇಳಬೇಕೆಂದು ಗೊತ್ತಾಗದವರಿಗೆ, ಕೆಲಸ ನನಗೇ ಕೊಡಬೇಕೆಂದಿಲ್ಲ, ಕೇಳಿದರೆ ಪಟ್ಟಿ ಬರೆದುಕೊಡುತ್ತೇನೆ.

ಇಂತಿ,
ಒಬ್ಬ ಮರಗೆಲಸದವ,
ನಿಟ್ಟುವಳ್ಳಿ, ದಾವಣಗೆರೆ