ಕಾಲಿನ ಎತ್ತರ ಇರಲಿ, ಗಡಿಯಾರ ನೋಡು

ಪ್ರಿಯ ಶಿವು,

ಟೇಕ್ವಾಂಡೊ ಆಟಗಾರ್ತಿ ಪಾನಿಪಾಕ್ ವಾಂಗ್‌ಪಟ್ಟನಕಿಟ್ ವಿಡಿಯೋ ನೋಡಿ ನಿನ್ನ ಮಗಳು ದಿನವಿಡೀ ತಲೆಯೆತ್ತರದ ಕಿಕ್ ಹೊಡೆಯುತ್ತಿದ್ದಾಳೆ ಅಂತ ಬರೆದಿದ್ದೀಯ. ಹೊಡೆಯಲಿ ಬಿಡು. ಆದರೆ ಆ ಥಾಯ್ ಹುಡುಗಿಯಿಂದ ಕಲಿಯುವುದು ಬೇರೆಯೇ ಇದೆ ಮಾರಾಯ.

ಅವಳು ಸೂರತ್ ಥಾನಿ ಊರಿನವಳು, ಮನೆಯಲ್ಲಿ ಕರೆಯುವ ಹೆಸರು ಟೆನಿಸ್. (ಅಣ್ಣ ಬೇಸ್‌ಬಾಲ್, ಅಕ್ಕ ಬೌಲಿಂಗ್. ಅಪ್ಪನ ಆಟದ ಹುಚ್ಚು ಇದರಲ್ಲೇ ಗೊತ್ತಾಗುತ್ತದೆ.) ಪಳಗಿಸಿದವರು ಕೊರಿಯಾದಿಂದ ಬಂದು ಥೈಲೆಂಡಿನಲ್ಲೇ ನೆಲೆಸಿದ ಕೋಚ್ ಚೋಯ್ ಯಂಗ್-ಸೋಕ್. 2015ರಲ್ಲಿ 46 ಕೆ.ಜಿ.ಯಲ್ಲಿ ವಿಶ್ವ ಚಾಂಪಿಯನ್ ಆದಳು. ಒಲಿಂಪಿಕ್ಸ್‌ನಲ್ಲಿ ಆ ವರ್ಗವೇ ಇಲ್ಲ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೆಂಗಸರಿಗೆ ಎಂಟು ತೂಕದ ವರ್ಗಗಳಿದ್ದರೆ ಒಲಿಂಪಿಕ್ಸ್‌ನಲ್ಲಿ ನಾಲ್ಕೇ: 49, 57, 67, ಅದರ ಮೇಲೆ. ಹಾಗಾಗಿ 49ಕ್ಕೆ ಏರಬೇಕಾಯಿತು. 2016ರಲ್ಲಿ ರಿಯೋದಲ್ಲಿ ಕ್ವಾರ್ಟರ್‌ಫೈನಲ್‌ನಲ್ಲೇ ಕೊರಿಯಾದ ಕಿಮ್ ಸೋ-ಹುಯಿ ಎದುರು 5-6ರಿಂದ ಸೋತಳು. ಕೊನೆಯ ಸುತ್ತಿನಲ್ಲಿ ತಲೆಗೆ ಬಿದ್ದ ಒಂದು ಕಿಕ್ ಎಲ್ಲ ತಲೆಕೆಳಗು ಮಾಡಿತು. ಸೋತವರಿಗೆ ಸಿಗುವ ಇನ್ನೊಂದು ಅವಕಾಶ, ಅಂದರೆ ರೆಪೆಶಾಜ್‌ನಲ್ಲಿ ಕಂಚು ಸಿಕ್ಕಿತು.

ಆಗ ಎದೆಕವಚಕ್ಕೆ ಬಿದ್ದ ನೇರ ಕಿಕ್‌ಗೆ 1 ಅಂಕ. ಟೋಕಿಯೋ ಒಲಿಂಪಿಕ್ಸ್ ಹೊತ್ತಿಗೆ ಅದು 2 ಆಗಿತ್ತು. ತಲೆಗೆ 3, ತಿರುಗಿ ಹೊಡೆದರೆ ಎದೆಗೆ 4, ತಲೆಗೆ 5, ಗುದ್ದಿಗೆ 1. ಫೈನಲ್‌ನಲ್ಲಿ ಸ್ಪೇನಿನ ಹದಿನೇಳರ ಹುಡುಗಿ ಅಡ್ರಿಯಾನಾ ಸೆರೆಸೊ 10-9 ಮುಂದಿದ್ದಳು, ಉಳಿದದ್ದು ಕೆಲವೇ ಸೆಕೆಂಡ್. ಪಾನಿಪಾಕ್ ತಲೆಗೆ ಹೋಗಲೇ ಇಲ್ಲ. ಎದೆಗೆ ಒಂದು ಕಿಕ್, 11-10. ಥೈಲೆಂಡಿಗೆ ಟೇಕ್ವಾಂಡೊದ ಮೊದಲ ಚಿನ್ನ ಬಂದದ್ದು ಹೀಗೆ. ಒಂದು ಅಂಕ ಹಿಂದಿರುವಾಗ ಎರಡು ಸಾಕು. ಐದಕ್ಕೆ ಆಸೆಪಟ್ಟು ತಿರುಗಿ ಹೊಡೆಯಲು ಹೋಗಿ ಬಿದ್ದರೆ ಗಾಮ್‌ಜೋಮ್ ಅನ್ನುವ ದಂಡ, ಎದುರಾಳಿಗೆ ಪುಕ್ಕಟೆ ಒಂದು ಅಂಕ. ಗೆರೆ ದಾಟಿದರೂ, ಹಿಡಿದೆಳೆದರೂ, ಸೊಂಟದ ಕೆಳಗೆ ಹೊಡೆದರೂ ಅದೇ ಶಿಕ್ಷೆ.

ಪ್ಯಾರಿಸ್‌ಗೆ ಮತ್ತೆ ಲೆಕ್ಕ ಬದಲಾಯಿತು. ಮೂರು ಸುತ್ತಿನ ಅಂಕ ಕೂಡಿಸುವ ಪದ್ಧತಿ ಹೋಗಿ, ಎರಡು ಸುತ್ತು ಗೆದ್ದವರಿಗೆ ಪಂದ್ಯ ಎಂದಾಯಿತು. ಒಂದು ಸುತ್ತಿನಲ್ಲಿ ಐದು ಗಾಮ್‌ಜೋಮ್ ಬಂದರೆ ಆ ಸುತ್ತೇ ಹೋಯಿತು. ಫೈನಲ್‌ನಲ್ಲಿ ಚೀನಾದ ಗುವೋ ಚಿಂಗ್ ಎದುರು 6-3, 2-3, 6-2ರಿಂದ ಗೆದ್ದು ಮತ್ತೆ ಚಿನ್ನ. ಹಳೆಯ ಲೆಕ್ಕದಲ್ಲಾಗಿದ್ದರೆ ಎರಡು ಸುತ್ತಿನ ಕೊನೆಗೆ 8-6 ಮುಂದೆ, ಕಾಯ್ದುಕೊಂಡು ಆಡಬಹುದಿತ್ತು. ಹೊಸ ಲೆಕ್ಕದಲ್ಲಿ 1-1, ಮೂರನೆಯದು ಸೊನ್ನೆಯಿಂದ. ನನ್ನ ಪ್ರಕಾರ ಅವಳ ಅತಿ ಗಟ್ಟಿ ಎರಡು ನಿಮಿಷ ಅದೇ. ಮರುದಿನ 27 ತುಂಬಿತು. ಆ ಕೂಟಕ್ಕೇ ನಿವೃತ್ತಿ.

ಈಗ ಮಗಳ ವಿಷಯ. ಎಲೆಕ್ಟ್ರಾನಿಕ್ ಕವಚದಲ್ಲಿ ಕಿಕ್ ಚೆನ್ನಾಗಿ ಬಿದ್ದರೂ ಅಂಕ ಬರದಿರುವುದುಂಟು. ಕವಚ ಗುರುತಿಸುವುದು ಪಾದಕ್ಕೆ ಹಾಕುವ ವಿಶೇಷ ಕಾಲುಚೀಲವನ್ನು. ಮೊಣಕಾಲ ಕೆಳಗಿನ ಮೂಳೆ ತಗುಲಿದರೆ ಸದ್ದು ಬರುತ್ತದೆ, ಅಂಕ ಬರುವುದಿಲ್ಲ. ತೀರಾ ಹತ್ತಿರ ನಿಂತರೆ ಆಗುವುದು ಇದೇ. ಪಾನಿಪಾಕ್ 1.73 ಮೀಟರ್ ಎತ್ತರ, 49 ಕೆ.ಜಿ.ಯಲ್ಲಿ ಅದು ದೊಡ್ಡ ಲಾಭ: ಮುಂಗಾಲು ಎತ್ತಿ ಕಟ್ ಕಿಕ್‌ನಿಂದ ಎದುರಾಳಿಯನ್ನು ದೂರ ಇಟ್ಟು, ಅದೇ ಕಾಲನ್ನು ಕೆಳಗಿಡದೆ ಎದೆಗೋ ತಲೆಗೋ ತಿರುಗಿಸಬಹುದು. ನಿನ್ನ ಮಗಳು ಗಿಡ್ಡ ಇದ್ದರೆ ಅದನ್ನು ನಕಲು ಮಾಡಿ ಸುಖವಿಲ್ಲ. ಆ ಮುಂಗಾಲನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗುವುದು, ಗುದ್ದಿ ಜಾಗ ಮಾಡಿಕೊಂಡು ಹೊಡೆಯುವುದು ಕಲಿಯಲಿ. ಕವಚದ ಹಿಂದಿನ ಲಾಡಿಯನ್ನು ಬಿಗಿಯಾಗಿ ಕಟ್ಟಿಸು, ಸಡಿಲ ಬಿಟ್ಟರೆ ಆಟದ ಮಧ್ಯೆ ಪಕ್ಕಕ್ಕೆ ತಿರುಗುತ್ತದೆ.

ತೂಕ ಇಳಿಸಲು ಊಟ, ನೀರು ಬಿಡಿಸುವ ಮಾತು ಯಾರಾದರೂ ಎತ್ತಿದರೆ ಒಪ್ಪಬೇಡ. ಬೆಳೆಯುವ ಮಗು, ವರ್ಗ ಏರಲಿ.

ಮನೆಯಲ್ಲಿ ಒಂದು ಆಟ ಆಡಿಸು. ಫೋನಿನಲ್ಲಿ ಹತ್ತು ಸೆಕೆಂಡ್ ಇಡು, ಪ್ಯಾಡ್ ನೀನು ಹಿಡಿ. ಒಮ್ಮೆ 'ಒಂದು ಹಿಂದೆ' ಅನ್ನು, ಒಮ್ಮೆ 'ಮೂರು ಹಿಂದೆ', ಇನ್ನೊಮ್ಮೆ 'ಒಂದು ಮುಂದೆ'. ಯಾವ ಕಿಕ್ ಅಂತ ಅವಳೇ ಆರಿಸಲಿ, ನೀನು ಬಾಯಿ ಹಾಕಬೇಡ.

ನಿನ್ನ,
ಮಂಜು