ಆ ಕಾಗದದಲ್ಲಿ ನಿನ್ನ ಹೆಸರು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದು ಇರಲಿ. ಕೊನೆಯಲ್ಲಿ ನೀನು ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ದುಡ್ಡು ಹೋದರೆ ಹೋಗಲಿ ದೊಡ್ಡಮ್ಮ, ಆ ಕಾಗದದಲ್ಲಿ ನನ್ನ ಹೆಸರು ಬರೋದು ಬೇಡ" ಅಂತ ಬರೆದಿದ್ದೀಯ. ಬಾಕಿ ಸಂಬಳದ ಕೇಸಿಗೆ ನೀನೂ ಸೇರುತ್ತೀಯಾ ಅಂತ ಕೇಳಿ ನಿನಗೆ ಬಂದ ಕಾಗದದ ಮಾತು ಅದು.

ದುಡ್ಡಿನ ಚಿಂತೆ ನನಗಿಲ್ಲ. ಮಾಡಿದ ಕೆಲಸದ ಸಂಬಳ ಕೇಳೋಕೆ ಹೆಸರು ಮುಚ್ಚಿಡಬೇಕು ಅಂತ ನಿನಗೆ ಅನಿಸಿತಲ್ಲ, ಅದೇ ನನಗೆ ಸಂಕಟ.

ನಾನೂ ಅಮೆರಿಕಕ್ಕೆ ಬಂದ ಹೊಸದರಲ್ಲಿ ನಿನ್ನ ಹಾಗೆಯೇ ಕಾಲ್ ಸೆಂಟರಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತವಳೇ. ನಿನ್ನ ಆಫೀಸಿನ ಹಾಗೆಯೇ ಅಲ್ಲಿಯೂ. ಶಿಫ್ಟ್ ಶುರುವಾಗುವ ಹೊತ್ತಿಗೆ ಮೊದಲ ಕರೆ ತೆಗೆದುಕೊಳ್ಳೋಕೆ ರೆಡಿ ಇರಬೇಕು. ಅಷ್ಟರೊಳಗೆ ಕಂಪ್ಯೂಟರ್ ಆನ್ ಆಗಬೇಕು, ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಬೇಕು, ಹೊಸ ಸೂಚನೆಗಳ ಮೇಲ್ ಓದಬೇಕು. ಹಾಜರಿ ಬೀಳುವುದು ಅದೆಲ್ಲ ಆದಮೇಲೆ. ಶಿಫ್ಟ್ ಮುಗಿದ ಮೇಲೂ ಸಿಟ್ಟಾದ ಗ್ರಾಹಕರು ಲೈನಿನಲ್ಲಿದ್ದರೆ ಫೋನ್ ಇಡುವ ಹಾಗಿಲ್ಲ. ಆ ಹೊತ್ತು ಯಾರ ಲೆಕ್ಕಕ್ಕೂ ಇಲ್ಲ.

ನನ್ನ ಪಕ್ಕದ ಸೀಟಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಇದ್ದರು. ಒಂದು ದಿನ ಅವರು ಸೂಪರ್‌ವೈಸರ್ ಹತ್ತಿರ ನೇರವಾಗಿ ಕೇಳಿದರು, ಈ ಮುಂಚಿನ ಹೊತ್ತಿಗೆ ಸಂಬಳ ಯಾಕಿಲ್ಲ ಅಂತ. ಮುಂದಿನ ವಾರದಿಂದ ಅವರಿಗೆ ಬರೀ ಕೆಟ್ಟ ಶಿಫ್ಟ್. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಹೋದರು. ಆ ಸಾಲಿನಲ್ಲಿ ಕೂತಿದ್ದ ನಾವೆಲ್ಲ ಅದೇ ಹೊತ್ತನ್ನು ಕಳೆದುಕೊಳ್ಳುತ್ತಿದ್ದೆವು. ಯಾರೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ, ಪುಟ್ಟಿ.

ಹಾಗಾಗಿ ನಿನ್ನ ಭಯ ಸುಳ್ಳು ಅಂತ ನಾನು ಹೇಳಲ್ಲ. ಸಹಿ ಮಾಡಿದರೆ ಆ ಕಾಗದ ಕೋರ್ಟಿಗೆ ಹೋಗುತ್ತದೆ, ಕಂಪನಿಯವರೂ ನೋಡುತ್ತಾರೆ. ಹೆಸರು ಬಂದೇ ಬರುತ್ತದೆ. ಆದರೆ ನನ್ನ ಪಕ್ಕದಲ್ಲಿದ್ದ ಆಕೆಯದು ಒಂಟಿ ಹೆಸರು. ನಿನಗೆ ಬಂದಿರೋದು ಬೇರೆ ಥರದ ಕಾಗದ. ಬೇರೆಯವರು ಆಗಲೇ ಕೇಸ್ ಹಾಕಿದ್ದಾರೆ, ನೀನೂ ಸೇರುತ್ತೀಯಾ ಅಂತ ಕೇಳುತ್ತಿದ್ದಾರೆ. ನಿನ್ನ ಹೆಸರಿನ ಮೇಲೂ ಕೆಳಗೂ ಇನ್ನೊಬ್ಬರ ಹೆಸರು ಇರುತ್ತದೆ ಅಲ್ವಾ?

ಈ ವಿಷಯದಲ್ಲಿ ಸೇಡು ತೀರಿಸೋದು ಇಲ್ಲಿ ಕಾನೂನಿಗೆ ವಿರುದ್ಧ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ಅನ್ನುವ ಸಂಬಳದ ಕಾನೂನಿನಲ್ಲೇ ಅದಿದೆ. ಸಂಬಳ ಕೇಳಿದ್ದಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಕಿರುಕುಳ ಕೊಡುವ ಹಾಗಿಲ್ಲ. ಬಾಯಿಮಾತಿನಲ್ಲಿ ದೂರು ಹೇಳಿದವರಿಗೂ ಈ ರಕ್ಷಣೆ ಉಂಟು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಕಾನೂನು ಇದ್ದ ಮಾತ್ರಕ್ಕೆ ಯಾರೂ ಕಿರುಕುಳ ಕೊಡಲ್ಲ ಅಂತಲ್ಲ. ಕೊಟ್ಟರೆ ಅದೇ ಇನ್ನೊಂದು ಕೇಸ್ ಆಗುತ್ತದೆ, ಅಷ್ಟು ಹೇಳಬಲ್ಲೆ.

"ಹದಿನೈದು ನಿಮಿಷಕ್ಕೆಲ್ಲ ಯಾರು ಕೇಳ್ತಾರೆ" ಅಂತಲೂ ಬರೆದಿದ್ದೀಯ. ಕೇಳಿದ್ದಾರೆ ಮಗಳೇ. ಲಾಸ್ ವೇಗಸ್‌ನ ಒಂದು ಕಾಲ್ ಸೆಂಟರ್ ಕೇಸಿನಲ್ಲಿ 2022ರಲ್ಲಿ ಮೇಲ್ಮನವಿ ಕೋರ್ಟು, ಕಂಪ್ಯೂಟರ್ ಆನ್ ಮಾಡಿಕೊಳ್ಳೋದೂ ಕೆಲಸದ್ದೇ ಭಾಗ ಅಂತ ಹೇಳಿತು. ಕಂಪ್ಯೂಟರ್ ಇಲ್ಲದೆ ಕರೆ ತೆಗೆದುಕೊಳ್ಳೋಕೆ ಆಗುತ್ತಾ? ಅದರ ಹಿಂದಿನ ವರ್ಷ ಬೇರೊಂದು ಮೇಲ್ಮನವಿ ಕೋರ್ಟಿನಲ್ಲಿ ಶಿಫ್ಟಿಗೆ ಬರೀ ಎರಡು ನಿಮಿಷದಷ್ಟರ ಜಗಳ. ಅಲ್ಲಿಯೂ ಕೆಲಸಗಾರರ ಕಡೆಗೇ ತೀರ್ಪು ಬಂತು. ಕಾಲ್ ಸೆಂಟರ್‌ಗಳಿಗೇ ಅಂತ ಕಾರ್ಮಿಕ ಇಲಾಖೆ ಒಂದು ಮಾಹಿತಿ ಪತ್ರ ಮಾಡಿದೆ, 64ನೇ ನಂಬರಿನದು. ಅದರಲ್ಲಿಯೂ ಇದೇ ಇದೆ. ಒಂದ್ಸಲ ಓದು.

ಒಂದು ಮಾತು ಮಾತ್ರ ನನಗೆ ಹೆದರಿಕೆ ಹುಟ್ಟಿಸುತ್ತದೆ. ಹಳೆಯ ಬಾಕಿ ಕೇಳೋಕೆ ಎರಡು ವರ್ಷ ಅವಕಾಶ. ಕಂಪನಿ ಬೇಕಂತಲೇ ಮಾಡಿದ್ದು ಅಂತ ತೋರಿಸಿದರೆ ಮೂರು. ಬೇರೆಯವರು ಕೇಸ್ ಹಾಕಿದ ದಿನ ನಿನ್ನ ಲೆಕ್ಕಕ್ಕೆ ಬರಲ್ಲ. ನಿನ್ನ ಸಹಿಯ ಕಾಗದ ಕೋರ್ಟಿಗೆ ತಲುಪಿದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ನೀನು ಸುಮ್ನೆ ಕೂತ ಒಂದೊಂದು ವಾರಕ್ಕೂ ಹಿಂದಿನ ಒಂದೊಂದು ವಾರ ಕೈಬಿಟ್ಟು ಹೋಗುತ್ತದೆ. ನನ್ನದೆಲ್ಲ ಹಾಗೇ ಹೋಯಿತು. ಈ ನಿಯಮ ಗೊತ್ತಾಗುವ ಹೊತ್ತಿಗೆ ಕೇಳೋಕೆ ಏನೂ ಉಳಿದಿರಲಿಲ್ಲ.

ಹೆಸರೇ ಬೇಡ ಅಂದರೆ ಕಾರ್ಮಿಕ ಇಲಾಖೆಯಲ್ಲಿ ಸಂಬಳದ ದೂರು ನೋಡುವ ವೇಜ್ ಅಂಡ್ ಅವರ್ ಡಿವಿಜನ್‌ಗೆ ದೂರು ಕೊಡಬಹುದು. ದೂರು ಕೊಟ್ಟವರ ಹೆಸರನ್ನು ಅವರು ಗುಟ್ಟಾಗಿ ಇಡುತ್ತಾರೆ. ಆದರೆ ಅಲ್ಲಿ ದೂರು ಕೊಟ್ಟೆ ಅಂತ ಆ ಎರಡು ವರ್ಷದ ಲೆಕ್ಕ ನಿಲ್ಲಲ್ಲ. ಅದು ತಿಳಿದಿರಲಿ.

ನಾನು ವಕೀಲಳಲ್ಲ, ನನ್ನ ಮಾತೇ ಕೊನೆ ಅಂದುಕೊಳ್ಳಬೇಡ. ಕೆಲಸಕ್ಕೆ ಸೇರುವಾಗ ಆರ್ಬಿಟ್ರೇಷನ್ ಒಪ್ಪಂದಕ್ಕೆ, ಅಂದರೆ ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರಿಸಿಕೊಳ್ಳುವ ಒಪ್ಪಂದಕ್ಕೆ, ಸಹಿ ಹಾಕಿದ್ದೀಯಾ ನೋಡು. ಹಾಕಿದ್ದರೆ ಎಲ್ಲರ ಜೊತೆ ಸೇರೋಕೆ ತೊಡಕಾಗಬಹುದು. ಇನ್ನೊಂದು, ಈ ಕೇಂದ್ರದ ಕಾನೂನಿನಲ್ಲಿ ಮುಖ್ಯವಾಗಿ ಸಿಗೋದು ವಾರಕ್ಕೆ 40 ಗಂಟೆ ಮೀರಿದ ಕೆಲಸದ ಒಂದೂವರೆ ಪಟ್ಟು ಸಂಬಳ. 40 ಗಂಟೆ ಆಗದ ವಾರಗಳಿಗೆ ನಿಮ್ಮ ರಾಜ್ಯದ ಕಾನೂನು ಏನು ಹೇಳುತ್ತದೆ ಅಂತ ಕೇಸಿನ ವಕೀಲರನ್ನೇ ಕೇಳು. ಗೆದ್ದರೆ ಅವರ ಫೀಸನ್ನು ಕಂಪನಿಯೇ ಕೊಡಬೇಕು ಅಂತ ಕಾನೂನಿದೆ. ಆದರೂ ಸಹಿಗೆ ಮುಂಚೆ ಆ ಲೆಕ್ಕ ಬಾಯಿಬಿಟ್ಟು ಕೇಳು, ಸಂಕೋಚ ಬೇಡ. ಬಾಕಿಯಷ್ಟೇ ಇನ್ನೊಂದು ಮೊತ್ತವನ್ನೂ ಪರಿಹಾರವಾಗಿ ಕೊಡಿಸುವುದುಂಟು.

"ನನ್ನ ಹತ್ತಿರ ಸಾಕ್ಷಿ ಇಲ್ಲ" ಅಂದಿದ್ದೀಯ. ಲೆಕ್ಕ ಇಡೋದು ಕಂಪನಿಯ ಕೆಲಸ. ಅವರು ಸರಿಯಾಗಿ ಇಡದಿದ್ದರೆ ಕೆಲಸಗಾರರು ನ್ಯಾಯವಾಗಿ ಹೇಳುವ ಅಂದಾಜಿಗೂ ಬೆಲೆ ಇದೆ, 1946ರಿಂದಲೇ ಸುಪ್ರೀಂ ಕೋರ್ಟಿನ ಮಾತು ಅದು. ಇವತ್ತಿನಿಂದ ಎಷ್ಟಕ್ಕೆ ಕೂತೆ, ಎಷ್ಟಕ್ಕೆ ಎದ್ದೆ ಅಂತ ನಿನ್ನದೇ ಪುಸ್ತಕದಲ್ಲಿ ಬರೆದಿಡು. ಸಂಬಳದ ಚೀಟಿ ಎಸೆಯಬೇಡ. ಕಂಪನಿಯ ಸ್ಕ್ರೀನಿನ ಫೋಟೋ ಮಾತ್ರ ತೆಗೆಯಬೇಡ. ಗ್ರಾಹಕರ ವಿವರ ಅದರಲ್ಲಿ ಬಂದರೆ ನಿನಗೇ ತೊಂದರೆ.

ಮತ್ತೆ ಹೆಸರಿಗೇ ಬರುತ್ತೇನೆ, ಬೇಜಾರಾಗಬೇಡ. ಸಹಿ ಮಾಡು ಅಂತ ನಾನು ಒತ್ತಾಯ ಮಾಡಲ್ಲ. ಬಾಡಿಗೆ ಕಟ್ಟೋಳು ನೀನು, ಬೆಳಿಗ್ಗೆ ಎದ್ದು ಆ ಸೂಪರ್‌ವೈಸರ್ ಮುಖ ನೋಡೋಳು ನೀನು. ಆದರೆ ನಿನ್ನ ಸಾಲಿನಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಆ ಕಾಗದ ಬಂದಿದೆ, ಯಾರು ಸಹಿ ಮಾಡಿದ್ದಾರೆ ಅಂತ ಒಬ್ಬರನ್ನಾದರೂ ಕೇಳು. ಅವರೂ ನಿನ್ನ ಹಾಗೇ ಹೆದರಿಕೊಂಡು ಕೂತಿರಬಹುದು.

ಆ ಕಾಗದ ವಾಪಸ್ ಕಳಿಸೋಕೆ ಕೊನೆಯ ದಿನ ಯಾವುದು ಅಂತ ನೀನು ಬರೆಯಲೇ ಇಲ್ಲ. ಇವತ್ತೇ ನೋಡಿ ನನಗೆ ಫೋನ್ ಮಾಡು.

ನಿನ್ನ
ದೊಡ್ಡಮ್ಮ